ಅಪ್‌ಡೇಟ್: ಕಾಯಿಲೆ ಭತ್ಯೆಯಲ್ಲಿ ಗ್ಲುಟೆನ್ ಇಲ್ಲದ ಊಟ

ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯಿಂದ ರಜೆಯಲ್ಲಿರುವ ನಾನು, ಸಂಬಳದ ಶೇಕಡಾ 70ರಷ್ಟು ಸಿಗುವ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯಿಲೆ ಭತ್ಯೆಯಲ್ಲಿ ಗ್ಲುಟೆನ್ ಇಲ್ಲದ ಆಹಾರವನ್ನು ಹೊಂದಿಸಿಕೊಳ್ಳುವುದು ಹೇಗೆಂದು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

'ಗ್ಲುಟೆನ್ ಫ್ರೀ' ಎಂದು ಮುದ್ರಿಸಿದ ದುಬಾರಿ ಹಿಟ್ಟು, ಬಿಸ್ಕತ್ತುಗಳನ್ನು ತರಿಸುವುದನ್ನು ಸಂಪೂರ್ಣವಾಗಿ ನಿಲ್ಲಿಸಿದ್ದೇನೆ. ಕೊಡಗಿನ ಅಕ್ಕಿರೊಟ್ಟಿ, ಕಡಂಬುಟ್ಟು, ನೂಪುಟ್ಟು, ಪಾಪುಟ್ಟು ಎಲ್ಲವೂ ಅಕ್ಕಿಯವೇ ಆಗಿರುವಾಗ, ಆ ಅಕ್ಕಿಯ ದೊಡ್ಡ ಪಾಲು ಪಡಿತರದಲ್ಲೇ ಬರುವಾಗ, ಅವುಗಳ ಅಗತ್ಯವಾದರೂ ಏನು?

ನಿಜವಾದ ತೊಡಕು ಹಿಟ್ಟಿನ ಗಿರಣಿಯದು. ಗೋಧಿ ಬೀಸಿದ ಯಂತ್ರದಲ್ಲೇ ಅಕ್ಕಿಯನ್ನೂ ಬೀಸಿದರೆ ಉಳಿದ ಗೋಧಿಹಿಟ್ಟು ಅದರಲ್ಲಿ ಬೆರೆಯುತ್ತದೆಂದು ನಿಮ್ಮಲ್ಲೊಬ್ಬರು ಎಚ್ಚರಿಸಿದ ಮೇಲೆ, ಅಮ್ಮ ಅಕ್ಕಿಯನ್ನು ತೊಳೆದು, ಪಂಚೆಯ ಮೇಲೆ ಹರವಿ ಆರಿಸಿ, ಮಿಕ್ಸಿಯಲ್ಲಿ ಒಡೆದು ಜರಡಿ ಹಿಡಿಯುತ್ತಾರೆ. ಮೇಲುಳಿದ ತರಿ ಕಡಂಬುಟ್ಟಿಗೆ, ಕೆಳಗಿಳಿದ ನುಣ್ಣನೆಯ ಹಿಟ್ಟು ರೊಟ್ಟಿಗೆ. (ನಮ್ಮ ಮಳೆಯಲ್ಲಿ ಅಕ್ಕಿ ಆರುವುದೆಂದರೆ ಒಲೆಯ ಪಕ್ಕದಲ್ಲಿ ಮಾತ್ರ.) ಅಂಗಡಿಯ ಇಂಗಿನಪುಡಿಗೆ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆಸುವುದರಿಂದ ಒಗ್ಗರಣೆಗೆ ಈಗ ಬೆಳ್ಳುಳ್ಳಿಯೇ.

ರಕ್ತಹೀನತೆಗಾಗಿ ವೈದ್ಯರು ಹೇಳಿದ ಸೊಪ್ಪು, ಹುರುಳಿ, ಮೊಟ್ಟೆಗಳಿಗೆ ಉಳಿದ ಹಣ ಹೋಗುತ್ತದೆ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಸಂಜೆ ಕೊಂಡರೆ ಸೊಪ್ಪಿನ ಕಟ್ಟು ಅಗ್ಗ.

ಈ ಭತ್ಯೆ ವರ್ಷಕ್ಕೆ ಗರಿಷ್ಠ 91 ದಿನಗಳಿಗೆ ಮಾತ್ರ ಅನ್ವಯಿಸುವುದರಿಂದ, ಅದರೊಳಗೆ ಕೆಲಸಕ್ಕೆ ಮರಳಲೇಬೇಕು. ಕ್ಯಾಂಟೀನಿನ ಚಪಾತಿ ಊಟದ ಬದಲು ಬುತ್ತಿ ತರಲು ಅನುಮತಿಯನ್ನೂ, ಊಟಕ್ಕೆಂದು ಕಡಿತವಾಗುವ ಮೊತ್ತದ ವಿನಾಯಿತಿಯನ್ನೂ ಕೋರಿ ವೈದ್ಯಕೀಯ ಪ್ರಮಾಣಪತ್ರದೊಂದಿಗೆ ವ್ಯವಸ್ಥಾಪಕರಿಗೆ ಅರ್ಜಿ ಕೊಟ್ಟಿದ್ದೇನೆ. ಬುತ್ತಿಗೆ ಒಪ್ಪಿದ್ದಾರೆ, ಕಡಿತದ ವಿಷಯದಲ್ಲಿ ಇನ್ನೂ ಉತ್ತರ ಬಂದಿಲ್ಲ.