ಅಯಾನುಗಳ ಪಟ್ಟಿ ಬಾಯಿಪಾಠ ಬರುತ್ತದೆ, ಸೂತ್ರ ಬರೆಯುವಾಗ ಚಾರ್ಜ್ ತಪ್ಪುತ್ತದೆ: ಎಲ್ಲಿಂದ ತಿದ್ದಬೇಕು?

ಪ್ರಶ್ನೆ (ಬದಿಯಡ್ಕ)
ಮಗಳು ಹತ್ತರವರೆಗೆ ಕನ್ನಡ ಮಾಧ್ಯಮ, ಈಗ ಪ್ಲಸ್ ವನ್ ಸಯನ್ಸ್. ಅಯಾನುಗಳ (ಚಾರ್ಜ್ ಇರುವ ಪರಮಾಣು ಅಥವಾ ಪರಮಾಣು ಗುಂಪುಗಳ) ಪಟ್ಟಿಯನ್ನು ಗಡಗಡನೆ ಒಪ್ಪಿಸುತ್ತಾಳೆ. ಸೋಡಿಯಂ ಸಲ್ಫೇಟ್ ಬರೆ ಎಂದರೆ ಒಂದೇ ಸೋಡಿಯಂ ಹಾಕುತ್ತಾಳೆ. ನೈಟ್ರೇಟಿನಲ್ಲಿ 3 ಆಕ್ಸಿಜನ್ ಇದೆಯಲ್ಲ, ಚಾರ್ಜೂ 3− ಎನ್ನುತ್ತಾಳೆ. ಸಲ್ಫೈಟ್, ಸಲ್ಫೈಡ್ ಯಾವಾಗಲೂ ಅದಲುಬದಲು.

ಉತ್ತರ (ಕುಂಬಳೆ)
ಮೇಡಂ, ಬೇರು ಇರುವುದು ನೈಟ್ರೇಟಿನ ತಪ್ಪಿನಲ್ಲಿ. ಕೆಳಗಿನ ಅಂಕೆ ಪರಮಾಣುಗಳ ಲೆಕ್ಕ, ಮೇಲಿನದು ಇಡೀ ಗುಂಪಿನ ಚಾರ್ಜ್. ನೈಟ್ರೇಟಿನ ಆ ನಾಲ್ಕು ಪರಮಾಣುಗಳು ಸೇರಿ ಹೆಚ್ಚಿಗೆ ಇಟ್ಟುಕೊಂಡದ್ದು ಒಂದೇ ಇಲೆಕ್ಟ್ರಾನ್, ಹಾಗಾಗಿ 1−. ಇದು ತಲೆಗೆ ಹೋಗದೆ ಪಟ್ಟಿ ಎಷ್ಟು ಉರು ಹೊಡೆದರೂ ಪ್ರಯೋಜನವಿಲ್ಲ.

ಪಟ್ಟಿಯನ್ನು ಸದ್ಯ ಬದಿಗಿಟ್ಟು ಐದನ್ನು ಮಾತ್ರ ಗಟ್ಟಿ ಮಾಡಿಸಿ. ನೈಟ್ರೇಟ್, ಕ್ಲೋರೇಟ್: 3 ಆಕ್ಸಿಜನ್, 1−. ಕಾರ್ಬೊನೇಟ್: 3 ಆಕ್ಸಿಜನ್, 2−. ಸಲ್ಫೇಟ್: 4 ಆಕ್ಸಿಜನ್, 2−. ಫಾಸ್ಫೇಟ್: 4 ಆಕ್ಸಿಜನ್, 3−. ಹೆಸರು, ಆಕ್ಸಿಜನ್, ಚಾರ್ಜ್ ಮೂರನ್ನೂ ಒಂದೇ ಉಸಿರಿಗೆ ಹೇಳಿಸಿ.

ಉಳಿದ ಹೆಚ್ಚಿನವು ಇವುಗಳಿಂದಲೇ ಹೊರಡುತ್ತವೆ. ಸಲ್ಫೇಟ್ ಸಲ್ಫೈಟ್ ಆದಾಗ ಆಕ್ಸಿಜನ್ ಒಂದು ಕಡಿಮೆ, ಚಾರ್ಜ್ ಅದೇ 2−. ಸಲ್ಫೈಡಿನಲ್ಲಿ ಆಕ್ಸಿಜನ್ನೇ ಇಲ್ಲ, ಬರೀ ಗಂಧಕ, ಅದಕ್ಕೂ 2−. ಹೈಪೋಕ್ಲೋರೈಟ್, ಕ್ಲೋರೈಟ್, ಕ್ಲೋರೇಟ್, ಪರ್‌ಕ್ಲೋರೇಟ್ ಎಂದರೆ ಕ್ರಮವಾಗಿ 1, 2, 3, 4 ಆಕ್ಸಿಜನ್, ಎಲ್ಲಕ್ಕೂ 1−. ಒಂದು ಹೈಡ್ರೋಜನ್ ಅಯಾನು ಸೇರಿದರೆ ಋಣ ಚಾರ್ಜ್ ಒಂದು ಇಳಿಯುತ್ತದೆ: ಕಾರ್ಬೊನೇಟ್ 2−, ಬೈಕಾರ್ಬೊನೇಟ್ 1−. ಮ್ಯಾಂಗನೇಟನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಮ್ಯಾಂಗನೇಟ್, ಪರ್‌ಮ್ಯಾಂಗನೇಟ್ ಎರಡರಲ್ಲೂ 4 ಆಕ್ಸಿಜನ್, ಆದರೆ ಮೊದಲನೆಯದು 2−, ಎರಡನೆಯದು 1−.

ಉತ್ತರ (ಪೆರ್ಲ)
ಸೋಡಿಯಂ ಸಲ್ಫೇಟಿನ ತಪ್ಪಿಗೆ ರಟ್ಟು ಕತ್ತರಿಸಿ ಕೊಡಿ. ಹಳೆಯ ಮದುವೆ ಕಾಗದ ಸಾಕು. ಚಾರ್ಜ್ 1 ಇದ್ದರೆ 2 ಸೆಂ.ಮೀ. ಅಗಲ, 2 ಇದ್ದರೆ 4, 3 ಇದ್ದರೆ 6. ಧನ ಅಯಾನುಗಳನ್ನು ಮೇಲಿನ ಸಾಲಿನಲ್ಲಿ, ಋಣದವನ್ನು ಕೆಳಗೆ ಜೋಡಿಸುತ್ತಾ ಎರಡೂ ಸಾಲಿನ ಉದ್ದ ಸರಿ ಮಾಡಬೇಕು. 4 ಸೆಂ.ಮೀ. ಸಲ್ಫೇಟಿನ ಮೇಲೆ ಒಂದು ಸೋಡಿಯಂ ಇಟ್ಟರೆ ಅರ್ಧ ಖಾಲಿ ಕಾಣುತ್ತದೆ, ಎರಡನೆಯದನ್ನು ಅವಳೇ ಇಡುತ್ತಾಳೆ. ಅಲ್ಯೂಮಿನಿಯಂ ಸಲ್ಫೇಟಿಗೆ ಮೇಲೆ 6ರ ಎರಡು, ಕೆಳಗೆ 4ರ ಮೂರು, ಎರಡೂ 12. ಚಾರ್ಜುಗಳನ್ನು ಅಡ್ಡಡ್ಡ ದಾಟಿಸುವ ಉಪಾಯ ಕಲಿತವರು ಕ್ಯಾಲ್ಸಿಯಂ ಸಲ್ಫೇಟಿಗೆ ಎರಡೆರಡು ಬರೆದುಬಿಡುತ್ತಾರೆ. ರಟ್ಟಿನಲ್ಲಿ ಒಂದಕ್ಕೊಂದು ಸರಿಹೋಗುವುದು ಕಣ್ಣಿಗೇ ಕಾಣುತ್ತದೆ.

ತೋಟವಿದ್ದರೆ ಮದ್ದು ಬಿಡುವ ಸಮಯದಲ್ಲಿ ಬೋರ್ಡೋ ದ್ರಾವಣ ತೋರಿಸಿ. ಶೇ. 1ರದ್ದಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ತುತ್ತಿನಲ್ಲಿ ತಾಮ್ರ 2+, ಸಲ್ಫೇಟ್ 2−, ಒಂದಕ್ಕೆ ಒಂದು. ಸುಣ್ಣದ ನೀರಿನಲ್ಲಿ ಕ್ಯಾಲ್ಸಿಯಂ 2+, ಹೈಡ್ರಾಕ್ಸೈಡ್ 1−, ಒಂದಕ್ಕೆ ಎರಡು. ಸುಣ್ಣ ಕಡಿಮೆಯಾದರೆ ತಾಮ್ರದ ಅಯಾನು ಬಿಡಿಯಾಗಿ ಉಳಿದು ಎಲೆ ಸುಡುತ್ತದೆ. ಅಂಥ ದ್ರಾವಣದಲ್ಲಿ ಹೊಳೆಯುವ ಕಬ್ಬಿಣದ ಚೂರಿ ಅದ್ದಿದರೆ ಕೆಂಪಗೆ ತಾಮ್ರ ಹಿಡಿಯುತ್ತದೆ: ತಾಮ್ರ 2+ ಎರಡು ಇಲೆಕ್ಟ್ರಾನ್ ಪಡೆಯಿತು, ಕಬ್ಬಿಣ ಅವನ್ನು ಕೊಟ್ಟು ಫೆರಸ್ 2+ ಆಗಿ ನೀರಿಗಿಳಿಯಿತು. ಇನ್ನಷ್ಟು ಸುಣ್ಣ ಬೇಕೆಂದು ಅರ್ಥ.

ಪ್ರಶ್ನೆ (ಬದಿಯಡ್ಕ)
ಮಾಷ್ಟ್ರೇ, ಕಬ್ಬಿಣಕ್ಕೆ ಫೆರಸ್ 2, ಫೆರಿಕ್ 3 ಎಂದು ಕಲಿತವಳು ತಾಮ್ರದ ಕ್ಯುಪ್ರಿಕ್‌ಗೂ 3 ಹಾಕಿದ್ದಾಳೆ.

ಉತ್ತರ (ಕುಂಬಳೆ)
‘ಅಸ್’, ‘ಇಕ್’ ನಿಗದಿತ ಸಂಖ್ಯೆಗಳಲ್ಲ. ಆ ಲೋಹದ ಎರಡು ಚಾರ್ಜುಗಳಲ್ಲಿ ಕಡಿಮೆಯದು, ಹೆಚ್ಚಿನದು ಅಷ್ಟೆ. ಕ್ಯುಪ್ರಸ್ 1+, ಕ್ಯುಪ್ರಿಕ್ 2+. ತವರದಲ್ಲಿ ಸ್ಟ್ಯಾನಸ್ 2+, ಸ್ಟ್ಯಾನಿಕ್ 4+. ಲೋಹದ ಹೆಸರಿನ ಪಕ್ಕ ಆವರಣದಲ್ಲಿ ರೋಮನ್ ಅಂಕಿ ಕೊಟ್ಟಿದ್ದರೆ ಅದು ಚಾರ್ಜಿನ ಲೆಕ್ಕ, ಪರಮಾಣುಗಳ ಸಂಖ್ಯೆಯಲ್ಲ ಎಂದೂ ಹೇಳಿಡಿ. ಮರ್ಕ್ಯುರಸ್ ಅನ್ನು ಬೇರೆಯೇ ಕಲಿಸಿ: ಎರಡು ಪಾದರಸ ಪರಮಾಣುಗಳು ಜೊತೆಯಾಗಿಯೇ ಇರುತ್ತವೆ, ಜೋಡಿಗೆ ಒಟ್ಟು 2+. ಅದರ ಕ್ಲೋರೈಡ್ ಬರೆಯುವಾಗ 2 ಪಾದರಸ, 2 ಕ್ಲೋರಿನ್. ಅದನ್ನು ಒಂದೊಂದಕ್ಕೆ ಇಳಿಸಬಾರದು.