ನಮ್ ಸಿನಿಮಾ ಹೀರೋಯಿನ್‌ಗೆ ಮಂಡ್ಯ ಭಾಷೆ ಯಾಕೆ ಬರಲ್ಲ?

ಕಬ್ಬಿನ್‌ಗದ್ದೆ_ಅಕ್ಕ (ಮಂಡ್ಯ):
ಸುಮಾರು ದಿನದಿಂದ ತಲೇಲಿ ಕೊರೀತಾ ಇರೋ ವಿಷ್ಯ. ಕಥೆ ನಮ್ ಕಡೆ ಹಳ್ಳೀಲೇ ನಡೀತದೆ, ಹೀರೋ 'ಏನ್ಲಾ' ಅಂತಾನೆ, ಅವನ ಅವ್ವ 'ಉಣ್ಣಕ್ಕೆ ಬತ್ತೀಯೇನ್ಲಾ' ಅಂತಾಳೆ, ಕಾಮಿಡಿಗೆ ಹಾಕ್ಕೊಂಡಿರೋ ಹೆಂಗಸಂತೂ ಬಾಯ್ ತೆಗುದ್ರೆ ಊರಿಗೇ ಕೇಳ್ಬೇಕು, ಆದ್ರೆ ಅದೇ ಊರಲ್ಲಿ ಹುಟ್ಟಿ ಬೆಳೆದಿರೋ ಗೌಡ್ರ ಮಗಳು ಹೀರೋಯಿನ್ ಮಾತ್ರ ವಾರ್ತೆ ಓದೋರ ಥರ ಕನ್ನಡ ಮಾತಾಡ್ತಾಳೆ. ಅದೂ ಎಷ್ಟೋ ಸಲ ಬೇರೆಯೋರ ಡಬ್ಬಿಂಗ್ ದನಿ, ಸಣ್ಣಗೆ, ಜೇನು ಸುರಿದಂಗೆ. ರಾತ್ರಿ ಕರೆಂಟ್ ಕೊಟ್ಟಾಗ ಗದ್ದೆಗೆ ನೀರು ಕಟ್ಟಕ್ಕೆ ಹೋಗೋರು, ಹಾಲಿನ ಡೈರೀಲಿ ಫ್ಯಾಟ್ ಕಮ್ಮಿ ಬರ್ದ್ರೆ ಅಲ್ಲೇ ನಿಂತು ಕೇಳೋರು, ಇಂಥ ಹುಡ್ಗೀರು ನಮ್ಮಲ್ಲಿ ಎಷ್ಟ್ ಜನ ಅವ್ರೆ. ಜೋರು ಬಾಯಿ ಇದ್ರೆ ಪ್ರೀತಿ ಮಾಡಕ್ಕೆ ಲಾಯಕ್ಕಿಲ್ಲ ಅಂತಾನಾ?

ಟಾಕೀಸ್_ಮಾವ (ಮೈಸೂರು):
ಜೋರು ಬಾಯಿ ಇರೋ ಹೀರೋಯಿನ್ ಇಲ್ಲ ಅಂತಲ್ಲ, ಇರ್ತಾಳೆ, ಆದ್ರೆ ಇಂಟರ್ವಲ್ ತನಕ ಮಾತ್ರ. ಆಮೇಲೆ ಹೀರೋ ಅವಳ ಜಂಭ ಇಳಿಸ್ಬೇಕು, ಅವಳು ಸೀರೆ ಉಟ್ಕೊಂಡು ಕಾಲಿಗೆ ಬೀಳ್ಬೇಕು. 1989ರ ನಂಜುಂಡಿ ಕಲ್ಯಾಣ ತಗೊಳ್ಳಿ, ಮಾಲಾಶ್ರೀ ಕನ್ನಡಕ್ಕೆ ಹೀರೋಯಿನ್ ಆಗಿ ಬಂದ ಸಿನಿಮಾ. ಕಥೆ ಪರ್ವತವಾಣಿ ಅವರ ಬಹದ್ದೂರ್ ಗಂಡ ನಾಟಕದ್ದು, ಆ ನಾಟಕದ ಮೂಲ ಷೇಕ್ಸ್‌ಪಿಯರ್‌ದು. ಅಂದ್ರೆ 'ಇದು ನಮ್ ಸಂಸ್ಕೃತಿ ಕಣ್ರೀ' ಅಂತ ಎದೆ ತಟ್ಕೊಳ್ಳೋರು ನಾನೂರು ವರ್ಷದ ಹಿಂದಿನ ಇಂಗ್ಲೆಂಡ್ ಗಂಡನ್ನ ಕಾಪಾಡ್ತಾ ಇದ್ದಾರೆ! ತಮಾಷೆ ಏನಂದ್ರೆ ಅದೇ ಮಾಲಾಶ್ರೀ ಆಮೇಲೆ ಪೊಲೀಸ್ ಯೂನಿಫಾರ್ಮ್ ಹಾಕಿ ರೌಡಿಗಳಿಗೆ ಒದ್ದಾಗ ಅದೇ ಜನ ಶಿಳ್ಳೆ ಹೊಡೆದ್ರು, 2004ರಲ್ಲಿ ದುರ್ಗಿ ಬಂದಾಗ್ಲೂ ಹೊಡೆದ್ರು. ಜನ ನೋಡಲ್ಲ ಅನ್ನೋದು ಪ್ರೊಡ್ಯೂಸರ್‌ಗಳ ನೆಪ ಅಷ್ಟೇ.

ಸುಮ್ನಿರಪ್ಪ_ಸಾಕು:
ಮನರಂಜನೆ ಕಣಕ್ಕ, ಯಾಕಿಷ್ಟು ತಲೆ ಕೆಡಿಸ್ಕೊತೀರ. ಒಬ್ನೇ ಐವತ್ತು ಜನಕ್ಕೆ ಹೊಡೆಯೋ ಗಂಡಸೂ ಮಂಡ್ಯದಲ್ಲಿ ಇಲ್ಲ 😂

ಓದುಗಿ_ಸರಸ್ವತಿಪುರಂ:
@ಸುಮ್ನಿರಪ್ಪ, ಐವತ್ತು ಜನಕ್ಕೆ ಹೊಡೀಲಿಲ್ಲ ಅಂತ ಯಾವ ಹುಡುಗನ ಸಂಬಂಧ ಮುರಿದು ಬಿದ್ದಿದೆ ಹೇಳಿ? 'ಹುಡುಗಿ ಮಾತು ಜಾಸ್ತಿ' ಅಂತ ವಾಪಸ್ ಹೋಗಿರೋರು ಬೇಕಾದಷ್ಟು ಜನ. ಇನ್ನೊಂದ್ ವಿಷ್ಯ, ಈ ಮಾದರಿ ಗೃಹಿಣಿ ಅನ್ನೋ ಚಿತ್ರ ಹೆಣ್ಣನ್ನ ಏನ್ ಮಾಡತ್ತೆ ಅಂತ ತೋರಿಸಿದ್ದೂ ನಿಮ್ ಮಂಡ್ಯದಲ್ಲೇ ಹುಟ್ಟಿದ ಕಾದಂಬರಿಗಾರ್ತಿ ತ್ರಿವೇಣಿ. ಮೈಸೂರಲ್ಲಿ ಸೈಕಾಲಜಿ ಓದಿದೋರು, 1963ರಲ್ಲಿ ಇನ್ನೂ ಚಿಕ್ಕ ವಯಸ್ಸಲ್ಲೇ ಹೋಗ್ಬಿಟ್ರು. ಅವರ ಶರಪಂಜರ ಕಾದಂಬರಿನ ಡೈರೆಕ್ಟರ್ ಪುಟ್ಟಣ್ಣ ಕಣಗಾಲ್ 1971ರಲ್ಲಿ ಸಿನಿಮಾ ಮಾಡಿದ್ರು. ಹೆರಿಗೆ ಆದ್ಮೇಲೆ ಅದ್ರ ನಾಯಕಿ ಕಾವೇರಿಗೆ ಮನಸ್ಸು ಕೆಡತ್ತೆ, ಆಸ್ಪತ್ರೆಯಿಂದ ಗುಣ ಆಗಿ ಬರ್ತಾಳೆ, ಆದ್ರೆ ಮನೆಯೋರು ಅಕ್ಕಪಕ್ಕದೋರು ಯಾರೂ ಅವಳನ್ನ ಗುಣ ಆದೋಳ ಥರ ನೋಡೋದೇ ಇಲ್ಲ, ಜೋರಾಗಿ ನಕ್ಕರೂ ಅನುಮಾನ, ಕೋಪ ಬಂದ್ರೂ ಅನುಮಾನ. ನಮ್ಮಮ್ಮ ಮಾತ್ರ ಈಗ್ಲೂ ಆ ಸಿನಿಮಾ ಅಂದ್ರೆ ಹೀರೋಯಿನ್ ಕಲ್ಪನಾ ಸೀರೆಗಳನ್ನೇ ನೆನೆಸ್ಕೊಳ್ಳೋದು, ಏನ್ ಹೇಳೋದು. ನನಗೆ ಒಂದೇ ತಕರಾರು, ಪುಟ್ಟಣ್ಣನ ಸಿನಿಮಾಗಳಲ್ಲಿ ತನಗೆ ಬೇಕಾದ್ದನ್ನ ಕೇಳಿದ ಹೆಣ್ಣು ಕೊನೆಗೆ ಹುಚ್ಚಿ ಆಗ್ತಾಳೆ ಇಲ್ಲ ಸಾಯ್ತಾಳೆ.

ನೊಣವಿನ್‌ಕಾಟ:
ಅಕ್ಕ, ತಿಥಿ ಸಿನಿಮಾ ನೋಡಿಲ್ವಾ? 2015ರದ್ದು, ಮಂಡ್ಯ ಜಿಲ್ಲೆ ನೊದೆಕೊಪ್ಪಲಲ್ಲೇ ತೆಗೆದಿದ್ದು, ಆಕ್ಟ್ ಮಾಡಿರೋರೂ ಹಳ್ಳಿ ಜನಾನೇ. ಅದ್ರಲ್ಲಿ ಕುರಿ ಮೇಯಿಸೋ ಹುಡ್ಗಿ ಕಾವೇರಿ ಮಾತಾಡೋದು ಪಕ್ಕಾ ನಮ್ ಭಾಷೆ.

ಕಬ್ಬಿನ್‌ಗದ್ದೆ_ಅಕ್ಕ:
ನೋಡಿವ್ನಿ ಕಣಪ್ಪ, ಬಡ್ಡಿಗೆ ದುಡ್ಡು ಕೊಡೋ ಕಮಲಕ್ಕನ್ನ ನೋಡಿ ನಮ್ಮತ್ತೆ ನಕ್ಕಿದ್ದೇ ನಕ್ಕಿದ್ದು. ಆದ್ರೆ ಅದ್ರಲ್ಲೂ ಒಬ್ಬ ಹುಡ್ಗ ಆ ಕುರಿ ಹುಡ್ಗಿ ಹಿಂದೆ ಸುತ್ತೋದೇ ಕೆಲ್ಸ, ಅವಳು ಬೈದ್ರೂ ಬಿಡಲ್ಲ. ಭಾಷೆ ನಮ್ದು, ಬೆನ್ನು ಬೀಳೋದು ಅದೇ ಹಳೇ ಸಿನಿಮಾದ್ದು. ಬೇರೆ ಯಾವ್ದಾದ್ರೂ ಇದ್ರೆ ಹೇಳ್ರಪ್ಪ, ಬಾಯೂ ಜೋರಾಗಿರ್ಬೇಕು, ಕೊನೇ ರೀಲ್ ತನಕ ಜೋರಾಗೇ ಇರ್ಬೇಕು.