ಅಪ್‌ಡೇಟ್: ಬಯಲಾಟದ ರೆಕಾರ್ಡಿಂಗ್‌ನಲ್ಲಿ ಪಟಪಟ ಸದ್ದು
ಯಕ್ಷಗಾನ ಬಯಲಾಟವನ್ನು ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಮಾಡುವಾಗ ಚೆಂಡೆಯ ನಡುವೆ ಪಟಪಟ ಸದ್ದು, ಹಿಂದೆ ಗುಂಯ್ ಅಂತ ಇನ್ನೊಂದು ಬರುತ್ತೆ ಅಂತ ಕೇಳಿದ್ದೆನಲ್ಲ, ಎರಡೂ ಹೋದವು. ಯುಎಸ್‌ಬಿ ಕೇಬಲ್ ಬದಲಿಸಿದ್ದು ದುಡ್ಡು ದಂಡ. ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸದ್ದಿನ ತುಣುಕಿನ ಗಾತ್ರ) 128ರಿಂದ 1024 ಸ್ಯಾಂಪಲ್‌ಗೆ ಏರಿಸಿ, ವೈಫೈ ಆಫ್ ಮಾಡಿ ಅಂದವರಿಗೆ ಥ್ಯಾಂಕ್ಸ್, ಪಟಪಟ ನಿಂತಿತು. ಬರೀ ರೆಕಾರ್ಡಿಂಗ್ ಅಲ್ವಾ, ಲೇಟೆನ್ಸಿ, ಅಂದರೆ ಸದ್ದು ತಡವಾಗಿ ಕೇಳಿಸುವುದು, ಜಾಸ್ತಿಯಾದರೇನು! ಗುಂಯ್ ಸದ್ದು ಚಾರ್ಜರ್‌ದು. ಪ್ಲಗ್ ಕಿತ್ತ ಕೂಡಲೇ ಹೆಡ್‌ಫೋನಿನಲ್ಲಿ ಭಾಗವತರು ಉಸಿರೆಳೆದದ್ದೂ ಕೇಳಿಸಿತು. ಆದರೆ ಬ್ಯಾಟರಿ ಬರುವುದು ಎರಡೇ ಗಂಟೆ, ಆಟ ಬೆಳಗಿನವರೆಗೆ, ಹಾಗಾಗಿ ಚಾರ್ಜರ್ ಹಾಕಿಯೇ, ಮಿಕ್ಸರ್‌ಗೂ ಇಂಟರ್‌ಫೇಸ್‌ಗೂ (ಮೈಕಿನ ಸದ್ದನ್ನು ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪ್‌ಗೆ ಕೊಡುವ ಪೆಟ್ಟಿಗೆ) ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದೆ; ಅದು ಎರಡರ ನಡುವಿನ ನೇರ ವಿದ್ಯುತ್ ಸಂಪರ್ಕ ತಪ್ಪಿಸಿ ಸದ್ದನ್ನು ಮಾತ್ರ ದಾಟಿಸುತ್ತೆ.

ಒಂದು ಗೊತ್ತೇ ಇರಲಿಲ್ಲ: ಮಾಮೂಲಿ ವೇವ್ (.wav) ಆಡಿಯೊ ಫೈಲ್ 4 ಜಿಬಿ ದಾಟುವುದಿಲ್ಲ. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೊದಲ್ಲಿ ಅದು ಸುಮಾರು ನಾಲ್ಕು ಗಂಟೆ. ಈಗ ಪ್ರಸಂಗದ ನಡುವೆ ಬಿಡುವು ನೋಡಿ ಹೊಸ ಫೈಲ್ ಶುರು ಮಾಡುತ್ತೇನೆ.